ಸೈಟು ಸಿಕ್ತು, ಖಾತಾ ಸಿಗಲಿಲ್ಲ: ಜಿಯೋಸಿಟೀಸ್ ಕಥೆ



ಊರು ಬಿಟ್ಟು ಐಟಿ ಕೆಲಸಕ್ಕೆ ಬಂದ ಇಬ್ಬರು ಕನ್ನಡಿಗರು ಆಫೀಸ್ ಕ್ಯಾಂಟೀನಲ್ಲಿ ಸಿಕ್ಕಿದ್ರೆ ಹತ್ತು ನಿಮಿಷದಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತೆ: "ಬೆಂಗಳೂರಲ್ಲಿ ಸೈಟು ಏನಾದ್ರೂ ತಗೊಂಡ್ರಾ?" ಹೌದು ಅಂದ್ರೆ ಅದರ ಹಿಂದೇನೇ ಎರಡನೇ ಪ್ರಶ್ನೆ: "ಖಾತಾ ಆಯ್ತಾ?" ಸೈಟು ಇದೆ, ಮನೆನೂ ಕಟ್ಟಿದೀವಿ, ಆದರೆ ಖಾತಾ ನಮ್ಮ ಹೆಸರಲ್ಲಿ ಇಲ್ಲ ಅಂದ್ರೆ ಏನು ಪಾಡು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇವತ್ತು ಹೇಳ್ತಿರೋದು ಇನ್ನೊಂದು ಥರದ ಸೈಟಿನ ಕಥೆ. ವೆಬ್‌ಸೈಟಿನದು. ಒಂದು ಕಾಲದಲ್ಲಿ ಒಂದು ಕಂಪನಿ ಲಕ್ಷಾಂತರ ಜನಕ್ಕೆ ಪುಕ್ಕಟೆಯಾಗಿ ಸೈಟು ಹಂಚಿತು. ಬರೀ ಮಾತಿಗೆ ಅಲ್ಲ, ಬಡಾವಣೆ ಹೆಸರು, ಮನೆ ನಂಬರ್ ಸಮೇತ ಹಂಚಿತು. ಹದಿನೈದು ವರ್ಷದ ಮೇಲೆ ಇಡೀ ಊರನ್ನೇ ಕೆಡವಿ ಹಾಕ್ತು. ಆ ಊರಿನ ಹೆಸರು ಜಿಯೋಸಿಟೀಸ್.

ಸ್ವಲ್ಪ ಹಿಂದೆ ಹೋಗೋಣ. ಟಿಮ್ ಬರ್ನರ್ಸ್-ಲೀ ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಮೊದಲ ವೆಬ್‌ಸೈಟನ್ನ ಹೊರಜಗತ್ತಿಗೆ ತೆರೆದಿದ್ದು 1991ರಲ್ಲಿ. 1993ರಲ್ಲಿ ಸರ್ನ್ ಈ ತಂತ್ರಜ್ಞಾನವನ್ನ ಯಾರು ಬೇಕಾದ್ರೂ ಬಳಸಬಹುದು ಅಂತ ಬಿಟ್ಟುಕೊಡ್ತು. ಅದೇ ವರ್ಷ ಮೊಸಾಯಿಕ್ ಬ್ರೌಸರ್ ಬಂತು, ಅಕ್ಷರದ ಪಕ್ಕದಲ್ಲೇ ಚಿತ್ರ ಕಾಣೋ ಹಾಗಾಯ್ತು. ಆದರೆ ಒಂದು ಅಡ್ಡಿ ಇತ್ತು. ವೆಬ್ ನೋಡೋಕೆ ಬ್ರೌಸರ್ ಸಾಕು. ನಿಮ್ಮದೊಂದು ಪುಟ ಹಾಕೋಕೆ ಸರ್ವರ್ ಬೇಕು. ಸರ್ವರ್ ಇದ್ದಿದ್ದು ಯೂನಿವರ್ಸಿಟಿಗಳ ಹತ್ರ, ದೊಡ್ಡ ಕಂಪನಿಗಳ ಹತ್ರ. ಮನೆಯಲ್ಲಿ ಕೂತ ಮಾಮೂಲಿ ಮನುಷ್ಯನಿಗೆ ಜಾಗ ಇರಲಿಲ್ಲ.

ಆ ಜಾಗ ಕೊಡೋಣ ಅಂತ ಹೊರಟವರು ಲಾಸ್ ಏಂಜಲೀಸ್ ಕಡೆಯ ಡೇವಿಡ್ ಬೋನೆಟ್. ಅವರ ಸಂಗಾತಿ ಅಲ್ಲಿ ನ್ಯಾಯಾಧೀಶರಾಗಿದ್ದವರು, 1993ರಲ್ಲಿ ಏಡ್ಸ್‌ನಿಂದ ತೀರಿಕೊಂಡರು. ಅವರು ಬಿಟ್ಟುಹೋದ ಹಣದಿಂದಲೇ ಬೋನೆಟ್ 1994ರ ನವೆಂಬರ್‌ನಲ್ಲಿ ಜಾನ್ ರೆಜ್ನರ್ ಜೊತೆ ಸೇರಿ ಬೆವರ್ಲಿ ಹಿಲ್ಸ್ ಇಂಟರ್ನೆಟ್ ಅಂತ ಶುರು ಮಾಡಿದರು. ಮುಂದಿನ ವರ್ಷ ಅದು ಜಿಯೋಸಿಟೀಸ್ ಆಯಿತು. ಮೊದಲ ಆರು ಬಡಾವಣೆಗಳಲ್ಲಿ ಒಂದರ ಹೆಸರು ವೆಸ್ಟ್ ಹಾಲಿವುಡ್, ಅದು ಸಲಿಂಗಿ ಸಮುದಾಯದವರಿಗೆ ಮೀಸಲು. ತಾನು ಯಾರು ಅಂತ ಮನೆಯಲ್ಲೂ ಆಫೀಸಿನಲ್ಲೂ ಹೇಳಿಕೊಳ್ಳೋಕಾಗದ ಮನುಷ್ಯ ಒಂದು ಪುಟದಲ್ಲಿ ಹೇಳಿಕೊಳ್ಳಬಹುದಿತ್ತು. ಹಾಗಾಗಿ ಪುಕ್ಕಟೆ ಜಾಗ ಅನ್ನೋದನ್ನ ಬರೀ ವ್ಯಾಪಾರದ ಐಡಿಯಾ ಅಂತ ನೋಡಬಾರದು, ಅದರ ಹಿಂದೆ ಇಂಥದ್ದೊಂದು ನೋವೂ ಇತ್ತು.

ಪುಟ ಹಾಕೋ ಕ್ರಮ ನೋಡಿ. ಮೊದಲು ನಿಮ್ಮ ಆಸಕ್ತಿಗೆ ತಕ್ಕ ಬಡಾವಣೆ ಆರಿಸಬೇಕು. ಸಿನಿಮಾ ಹುಚ್ಚಿದ್ರೆ ಹಾಲಿವುಡ್, ಕಂಪ್ಯೂಟರ್ ಅಂದ್ರೆ ಸಿಲಿಕಾನ್ ವ್ಯಾಲಿ, ಓದು-ಸಾಹಿತ್ಯ-ತತ್ವಶಾಸ್ತ್ರಕ್ಕೆ ಅಥೆನ್ಸ್, ಆಟೋಟಕ್ಕೆ ಕೊಲೋಸಿಯಂ. ಅಲ್ಲಿ ನಾಲ್ಕು ಅಂಕಿಯ ಒಂದು ಖಾಲಿ ನಂಬರ್ ಹುಡುಕಿ ಫಾರಂ ತುಂಬಿದರೆ ಆ ಸೈಟು ನಿಮಗೆ. ಮನೆ ಮಾಡಿಕೊಂಡವರಿಗೆ ಹೋಮ್‌ಸ್ಟೆಡರ್ ಅಂತ ಹೆಸರು. ಹೊಸಬರಿಗೆ ಕೈಹಿಡಿದು ಹೇಳಿಕೊಡೋಕೆ ಅದೇ ಬಡಾವಣೆಯ ಸ್ವಯಂಸೇವಕರು ಇದ್ದರು. ಸಿಗ್ತಿದ್ದ ಜಾಗ ಶುರುವಿನಲ್ಲಿ ಒಂದೆರಡು ಎಂಬಿ. ಇವತ್ತು ಫೋನಲ್ಲಿ ತೆಗೆದ ಒಂದು ಫೋಟೋ ಕೂಡ ಅಷ್ಟರಲ್ಲಿ ಹಿಡಿಸೋದು ಕಷ್ಟ.

ಆಮೇಲೆ ನೋಟ್‌ಪ್ಯಾಡ್ ತೆಗೆದು ಎಚ್‌ಟಿಎಂಎಲ್ ಬರೆಯೋದು, ಇಂಡೆಕ್ಸ್ ಅಂತ ಹೆಸರು ಕೊಟ್ಟು ಉಳಿಸೋದು, ಅಪ್‌ಲೋಡ್ ಮಾಡೋದು. ಅಷ್ಟೇ. ಬೇರೆಯವರ ಪುಟ ಚೆನ್ನಾಗಿ ಕಂಡರೆ ವ್ಯೂ ಸೋರ್ಸ್ ಒತ್ತಿ ಒಳಗೆ ಏನಿದೆ ಅಂತ ನೋಡಿ ಕಾಪಿ ಹೊಡೆಯೋದು. ಹಾರಾಡೋ ಅಕ್ಷರ, ಕಣ್ಣು ಕುಕ್ಕೋ ಬಣ್ಣ, ಎಷ್ಟು ಜನ ಬಂದ್ರು ಅಂತ ಎಣಿಸೋ ಕೌಂಟರ್, "ಕಾಮಗಾರಿ ನಡೆಯುತ್ತಿದೆ" ಅಂತ ಗುದ್ದಲಿ ಹಿಡಿದು ನಿಂತ ಗೊಂಬೆ! ಇವತ್ತು ನೋಡಿದರೆ ನಗು ಬರುತ್ತೆ. ಆದರೆ ಕೋಡ್ ಅನ್ನೋದರ ಮೊದಲ ರುಚಿ ಎಷ್ಟೋ ಜನಕ್ಕೆ ಹತ್ತಿದ್ದೇ ಇಂಥ ಪುಟಗಳಿಂದ. 1997ರ ಹೊತ್ತಿಗೆ ಅಲ್ಲಿ ಹತ್ತು ಲಕ್ಷ ಜನ ಮನೆ ಮಾಡಿದ್ದರು.

ಈಗ ನಮ್ಮ ಕಡೆ ಬರೋಣ. ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಡೋಕೆ ಶುರು ಮಾಡಿದ್ದು 1995ರ ಆಗಸ್ಟ್ 15ರಂದು, ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗಳಲ್ಲಿ. ಬೆಂಗಳೂರಿನ ಸರದಿ ಆಮೇಲೆ. ಆಗಿನ 9.6 ಕೆಬಿಪಿಎಸ್ ಲೈನಿನಲ್ಲಿ ನೂರು ಕಿಲೋಬೈಟಿನ ಒಂದು ಚಿತ್ರ ಇಳಿಯೋಕೆ ಸುಮಾರು ಒಂದೂವರೆ ನಿಮಿಷ. ಅದೂ ಫೋನ್ ಬಿಲ್ ಓಡ್ತಾ ಇರುವಾಗ.

ಕನ್ನಡದಲ್ಲಿ ಪುಟ ಹಾಕ್ತೀನಿ ಅಂದವರಿಗೆ ಇನ್ನೊಂದು ತಲೆನೋವು. ಆಗಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನ ಕೂರಿಸ್ತಾ ಇದ್ವು. ಓದುವವರ ಕಂಪ್ಯೂಟರಲ್ಲಿ ಅದೇ ಫಾಂಟ್ ಇಲ್ಲದಿದ್ರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣೋದು. ಹಾಗಾಗಿ ಕೆಲವರು ಇಂಗ್ಲಿಷ್ ಲಿಪಿಯಲ್ಲೇ ಕನ್ನಡ ಬರೆದರು, ಕೆಲವರು ಕನ್ನಡ ಪಠ್ಯವನ್ನ ಚಿತ್ರ ಮಾಡಿ ಅಂಟಿಸಿದರು. ಈ ಕಷ್ಟದ ನಡುವೆಯೇ 1996ರಲ್ಲಿ ಯು. ಬಿ. ಪವನಜ ಅವರು "ವಿಶ್ವಕನ್ನಡ" ಶುರು ಮಾಡಿದರು, ಕನ್ನಡದ ಮೊದಲ ಅಂತರಜಾಲ ಪತ್ರಿಕೆ ಅಂತ ಹೆಸರಾಗಿರೋದು ಅದೇ. ಅವರು ಮುಂಬೈಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು, ಅಂದ್ರೆ ಅವರೂ ನಮ್ಮ ಹಾಗೆ ಹೊರನಾಡ ಕನ್ನಡಿಗರೇ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟ್ ಬಂದು, ಯೂನಿಕೋಡ್ ಕನ್ನಡ ಹರಡಿದ ಮೇಲೆ ಈ ಗೋಳು ನಿಧಾನಕ್ಕೆ ತಗ್ಗಿತು.

ಸರಿ, ಪುಕ್ಕಟೆ ಸೈಟಿಗೆ ದುಡ್ಡು ಎಲ್ಲಿಂದ? ಜಾಹೀರಾತಿನಿಂದ. ನಿಮ್ಮ ಮನೆ ಗೋಡೆ ಮೇಲೆ ಅವರ ಪೋಸ್ಟರ್. ಸಾಲದು ಅಂತ, ಸದಸ್ಯರು ಫಾರಮಿನಲ್ಲಿ ಕೊಟ್ಟ ಖಾಸಗಿ ಮಾಹಿತಿ ಬೇರೆ ಕಂಪನಿಗಳಿಗೆ ಹೋಗಿದೆ ಅಂತ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1998ರಲ್ಲಿ ಆರೋಪ ಹೊರಿಸಿತು, ಕಂಪನಿ ರಾಜಿ ಮಾಡಿಕೊಂಡಿತು. ಅದೇ ವರ್ಷ ಷೇರು ಮಾರುಕಟ್ಟೆಗೂ ಬಂತು. 1999ರ ಜನವರಿಯಲ್ಲಿ ಯಾಹೂ ಸುಮಾರು 360 ಕೋಟಿ ಡಾಲರ್ ಬೆಲೆಯ ಷೇರು ಕೊಟ್ಟು ಜಿಯೋಸಿಟೀಸ್ ಕೊಳ್ಳೋದಾಗಿ ಪ್ರಕಟಿಸಿತು.

ಖಾತಾ ಯಾರ ಹೆಸರಲ್ಲಿದೆ ಅಂತ ಜನಕ್ಕೆ ಗೊತ್ತಾಗಿದ್ದು ಆಗ. ಆ ವರ್ಷದ ಮಧ್ಯದಲ್ಲಿ ಬಂದ ಹೊಸ ಷರತ್ತುಗಳನ್ನ ಓದಿದರೆ, ಸದಸ್ಯರು ಹಾಕಿದ ಬರಹ, ಚಿತ್ರ ಎಲ್ಲವನ್ನೂ ಯಾಹೂ ತನಗೆ ಬೇಕಾದ ಹಾಗೆ ಬಳಸಬಹುದು ಅಂತ ಅರ್ಥ ಬರ್ತಿತ್ತು. ಜನ ಸಿಟ್ಟಿಗೆದ್ದರು, ಕೆಲವರು ಪುಟ ಕಿತ್ತು ಹೊರಟರು. ಕಂಪನಿ ಷರತ್ತು ತಿದ್ದಿತು. ಆ ಜಗಳದಲ್ಲಿ ಜನ ಗೆದ್ದರು, ಆದರೆ ಖಾತಾ ಮಾತ್ರ ಬದಲಾಗಲಿಲ್ಲ.

2009ರ ಏಪ್ರಿಲ್‌ನಲ್ಲಿ ನೋಟಿಸ್ ಬಂತು. ಅಕ್ಟೋಬರ್ 26ಕ್ಕೆ ಬಾಗಿಲು. ಅಲ್ಲಿದ್ದ ಪುಟಗಳು ಸುಮಾರು 3 ಕೋಟಿ 80 ಲಕ್ಷ ಅಂತ ಒಂದು ಅಂದಾಜು. ಆರು ತಿಂಗಳು ಟೈಮ್ ಇತ್ತಲ್ಲ, ಕಾಪಿ ಮಾಡಿಕೊಳ್ಳಬಹುದಿತ್ತಲ್ಲ ಅಂತೀರಾ? ಪಾಸ್‌ವರ್ಡ್ ಮರೆತವರು, ಹಳೇ ಇಮೇಲ್ ಕಳಕೊಂಡವರು, ನೋಟಿಸೇ ನೋಡದವರು ಏನು ಮಾಡಬೇಕಿತ್ತು? ಪುಟ ಬರೆದವರು ತೀರಿಹೋಗಿದ್ದರೆ ಯಾರು ಬರಬೇಕಿತ್ತು?

ಬಂದವರು ಅಪರಿಚಿತರು. ಜೇಸನ್ ಸ್ಕಾಟ್ ಮತ್ತು ಅವರ ಆರ್ಕೈವ್ ಟೀಮ್ ಅನ್ನೋ ಸ್ವಯಂಸೇವಕರ ಗುಂಪು, ಬಾಗಿಲು ಮುಚ್ಚೋ ಮೊದಲು ಕೈಗೆ ಸಿಕ್ಕಷ್ಟನ್ನ ಇಳಿಸಿಕೊಂಡಿತು. ಇಂಟರ್ನೆಟ್ ಆರ್ಕೈವ್ ಕೂಡ ಒಂದು ಪಾಲು ಉಳಿಸಿತು. 2010ರಲ್ಲಿ ಆರ್ಕೈವ್ ಟೀಮ್ ತನ್ನ ಸಂಗ್ರಹವನ್ನ ಟೊರೆಂಟ್ ಮಾಡಿ ಹೊರಬಿಟ್ಟಾಗ ಅದು ಸುಮಾರು 640 ಜಿಬಿ. ಅಷ್ಟು ಜನರ ವರ್ಷಾನುಗಟ್ಟಲೆ ಬರಹ ಇವತ್ತಿನ ಒಂದು ಮಾಮೂಲಿ ಹಾರ್ಡ್‌ಡಿಸ್ಕಿನಲ್ಲಿ ಹಿಡಿಸುತ್ತೆ. ಜಪಾನಿನ ಜಿಯೋಸಿಟೀಸ್ ಇನ್ನೊಂದು ಹತ್ತು ವರ್ಷ ಉಸಿರಾಡಿ, 2019ರ ಮಾರ್ಚ್‌ನಲ್ಲಿ ಮುಚ್ಚಿತು.

ಹಾಗಾದ್ರೆ ಪುಕ್ಕಟೆ ಸೈಟು ತಗೊಳ್ಳೋದೇ ತಪ್ಪಾ? ನನಗೆ ಹಾಗನ್ನಿಸಲ್ಲ. ಪುಕ್ಕಟೆ ಇರದಿದ್ರೆ ಆ ಹತ್ತು ಲಕ್ಷ ಜನರಲ್ಲಿ ಹೆಚ್ಚಿನವರು ಬರೀತಾನೇ ಇರಲಿಲ್ಲ. ಇವತ್ತೂ ಗಿಟ್‌ಹಬ್ ಪೇಜಸ್ ಇದೆ, 2013ರಲ್ಲಿ ಜಿಯೋಸಿಟೀಸ್ ನೆನಪಲ್ಲೇ ಶುರುವಾದ ನಿಯೋಸಿಟೀಸ್ ಇದೆ. ಧಾರಾಳವಾಗಿ ಹಾಕಿ. ಆದರೆ ಮೂಲ ಫೈಲುಗಳು ನಿಮ್ಮ ಡಿಸ್ಕಿನಲ್ಲಿರಲಿ. ಆಗುತ್ತೆ ಅಂದ್ರೆ ಡೊಮೇನ್ ನಿಮ್ಮ ಹೆಸರಲ್ಲಿರಲಿ. ಅದಕ್ಕೂ ವರ್ಷವರ್ಷ ದುಡ್ಡು ಕಟ್ಟಬೇಕು ನಿಜ, ಆದರೆ ಹೋಸ್ಟಿಂಗ್ ಬದಲಾದ್ರೂ ವಿಳಾಸ ಬದಲಾಗಲ್ಲ. 1996ರಲ್ಲಿ ನೋಟ್‌ಪ್ಯಾಡಿನಲ್ಲಿ ಬರೆದ ಸಾದಾ ಎಚ್‌ಟಿಎಂಎಲ್ ಪುಟ ಇವತ್ತಿನ ಬ್ರೌಸರಿನಲ್ಲೂ ತೆರೆಯುತ್ತೆ. ಅಂದ್ರೆ ಕಟ್ಟಿದ ಮನೆ ಗಟ್ಟಿಯಾಗೇ ಇತ್ತು, ಕೈಕೊಟ್ಟಿದ್ದು ನೆಲ.

ಅಪ್ಪನ ನೆನಪು, ಅಜ್ಜಿಯ ಅಡುಗೆ, ಊರ ಜಾತ್ರೆ ಫೋಟೋ ಅಂತ ನೀವೂ ಎಲ್ಲೋ ಒಂದು ಕಡೆ ಹಾಕಿರ್ತೀರಿ. ಈ ಶನಿವಾರ ಒಂದರ್ಧ ಗಂಟೆ ಮಾಡಿಕೊಂಡು ಅದರದ್ದೊಂದು ಕಾಪಿ ಇಳಿಸಿಟ್ಟುಕೊಳ್ಳಿ. ಅದರ ಮಟ್ಟಿಗೆ ಖಾತಾ ಅಂದ್ರೆ ಅದೇ.