ಕ್ಯಾಮೆರಾದ ಗುಂಡಿಯೂ ಕೈಯ ನಡುಕವೂ

ಛಾಯಾಗ್ರಹಣದ ಚರಿತ್ರೆಯನ್ನು ಹೇಳಹೊರಟವರು ಸಾಮಾನ್ಯವಾಗಿ ಮಸೂರದ ಕಥೆ ಹೇಳುತ್ತಾರೆ, ಫಿಲ್ಮಿನ ಕಥೆ ಹೇಳುತ್ತಾರೆ. ಗುಂಡಿಯ ಕಥೆಗೆ ಅಲ್ಲಿ ಅಷ್ಟಾಗಿ ಎಡೆಯಿಲ್ಲ. ಆದರೆ ಕೈಯಲ್ಲಿ ಹಿಡಿದು ತೆಗೆದ ಚಿತ್ರಗಳಲ್ಲಿ ಕೆಟ್ಟವು ಏಕೆ ಕೆಟ್ಟವೆಂದು ವಿಚಾರಿಸಿದರೆ, ಅಪರಾಧ ಮಸೂರದ್ದಾಗಿರುವುದು ಕಡಿಮೆ. ಚಿತ್ರ ಮೂಡುವ ಗಳಿಗೆಯಲ್ಲೇ ಬೆರಳು ಗುಂಡಿಯನ್ನು ಒತ್ತಬೇಕು. ಗುಂಡಿಯನ್ನು ಒತ್ತುವ ಬೆರಳು ಕ್ಯಾಮೆರಾವನ್ನೂ ಒತ್ತುತ್ತದೆ. ಅತ್ಯಂತ ನಿಶ್ಚಲವಾಗಿರಬೇಕಾದ ಹೊತ್ತಿನಲ್ಲಿಯೇ ಕೈ ಕೆಲಸ ಮಾಡಬೇಕಾದ ಈ ವಿಚಿತ್ರ ಸಂಕಟವನ್ನು ಬಿಡಿಸಿಕೊಳ್ಳಲು ಯಂತ್ರಕಾರರಿಗೆ ಹತ್ತಿರ ಹತ್ತಿರ ನೂರು ವರ್ಷ ಹಿಡಿಯಿತು.

ಮೊದಮೊದಲು ಈ ತೊಡಕೇ ಇರಲಿಲ್ಲ. 1854ರ ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲಿದ್ದ ಮದರಾಸು ಸೈನ್ಯದ ಅಧಿಕಾರಿ ಲಿನೇಯಸ್ ಟ್ರೈಪ್ ಎಂಬಾತ ರಜೆಯ ಮೇಲೆ ಹಳೇಬೀಡು ಬೇಲೂರುಗಳಿಗೆ ಹೋಗಿ ಗುಡಿಗಳ ಚಿತ್ರ ತೆಗೆದ. ಭಾರಿ ಪೆಟ್ಟಿಗೆ, ಮೂರು ಕಾಲಿನ ಸ್ಟ್ಯಾಂಡು, ಕಾಗದದ ನೆಗೆಟಿವ್. ಮಸೂರದ ಮುಚ್ಚಳ ತೆಗೆಯುವುದು, ಗಡಿಯಾರ ನೋಡಿಕೊಂಡು ಕಾಯುವುದು, ಮತ್ತೆ ಮುಚ್ಚುವುದು: ಇಷ್ಟೇ ಕೆಲಸ. ಹೊಯ್ಸಳೇಶ್ವರನ ಗೋಡೆಯ ಆನೆಗಳು ಎಷ್ಟು ಹೊತ್ತು ಬೇಕಾದರೂ ಅಲುಗದೆ ನಿಂತಾವು.

1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಜೆಲಟಿನ್ ಲೇಪದ ಒಣ ಗಾಜುಹಲಗೆಯ ವಿಧಾನವನ್ನು ಪ್ರಕಟಿಸಿದ. ಮುಂದಿನ ಹತ್ತು ವರ್ಷಗಳಲ್ಲಿ ಬೆಳಕಿಗೆ ತೆರೆದಿಡುವ ಕಾಲ ಸೆಕೆಂಡಿನ ಸಣ್ಣ ಪಾಲಿಗೆ ಇಳಿಯಿತು. ಮುಚ್ಚಳ ತೆಗೆದು ಹಾಕುವ ಕೈಗೆ ಈ ವೇಗ ಎಟುಕದು. ಆದ್ದರಿಂದ ಷಟರ್ ಬಂತು. ಸ್ಟುಡಿಯೋಗಳಲ್ಲಿ ಅದನ್ನು ನಡೆಸಲು ರಬ್ಬರಿನ ಚೆಂಡೊಂದಿತ್ತು. ಅದನ್ನು ಹಿಸುಕಿದರೆ ಕೊಳವೆಯಲ್ಲಿ ಗಾಳಿ ಓಡಿ ಷಟರ್ ತೆರೆಯುತ್ತಿತ್ತು. ಕೈ ಪೆಟ್ಟಿಗೆಯನ್ನು ಮುಟ್ಟುವ ಪ್ರಮೇಯವೇ ಇಲ್ಲ. ಇಂದಿಗೂ ಅನೇಕ ಕ್ಯಾಮೆರಾಗಳ ಮೇಲೆ ‘ಬಿ’ ಎಂಬ ಅಕ್ಷರವಿರುವುದು ಆ ಬಲ್ಬಿನ, ಎಂದರೆ ರಬ್ಬರು ಚೆಂಡಿನ, ನೆನಪಿಗಾಗಿ. ಚೆಂಡು ಹೋಯಿತು, ಹೆಸರು ಉಳಿಯಿತು.

ಇಕ್ಕಟ್ಟು ಶುರುವಾದದ್ದು ಕ್ಯಾಮೆರಾ ಸ್ಟ್ಯಾಂಡಿನಿಂದ ಇಳಿದು ಜನರ ಕೈಗೆ ಬಂದ ಮೇಲೆ. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ನೂರು ಚಿತ್ರಗಳ ಸುರುಳಿ ತುಂಬಿದ ಕೊಡ್ಯಾಕ್ ಪೆಟ್ಟಿಗೆಯನ್ನು 25 ಡಾಲರಿಗೆ ಮಾರಿದ. ಗುಂಡಿ ಒತ್ತುವುದಷ್ಟೇ ಗಿರಾಕಿಯ ಪಾಲು, ಮಿಕ್ಕದ್ದೆಲ್ಲ ತಮ್ಮದು ಎಂದು ಕಂಪನಿ ಸಾರಿತು. ಒತ್ತುವುದರಲ್ಲಿಯೇ ಎಲ್ಲವೂ ಇದೆಯೆಂದು ಗಿರಾಕಿಗೆ ಯಾರೂ ಹೇಳಿಕೊಟ್ಟಂತಿಲ್ಲ! 1900ರಲ್ಲಿ ಒಂದು ಡಾಲರಿನ ಬ್ರೌನಿ ಬಂತು. ಇಂಥ ಪೆಟ್ಟಿಗೆ ಕ್ಯಾಮೆರಾಗಳಲ್ಲಿ ಗುಂಡಿಯ ಬದಲು ಪಕ್ಕದಲ್ಲೊಂದು ಪುಟ್ಟ ಸನ್ನೆ. ಅದನ್ನು ಬೆರಳಿನಿಂದ ತಳ್ಳಬೇಕು. ಸ್ವಲ್ಪ ದೂರ ಬಿಗಿಯಾಗಿ ಬಂದು, ಒಮ್ಮೆಲೇ ‘ಟಕ್’ ಎಂದು ಹಾರುತ್ತದೆ. ಷಟರಿನ ವೇಗವೋ ಸೆಕೆಂಡಿನ ಮೂವತ್ತು ನಲವತ್ತನೆಯ ಒಂದು ಪಾಲು. ಕೈ ಕದಲುವುದಕ್ಕೆ ಅದು ಧಾರಾಳವಾದ ಅವಧಿ.

ಇದರ ಫಲವೇನೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಹೊಸಕೋಟೆಯಿಂದ ದೇವನಹಳ್ಳಿಗೆ ಹೋಗುವ ದಾರಿಯಲ್ಲಿ ಸೂಲಿಬೆಲೆ ಎಂಬ ಹೋಬಳಿ ಊರಿದೆ. ಅಲ್ಲಿಯ ಹಳೆಯ ಹೆಂಚಿನ ಮನೆಯೊಂದರ ನಡುಮನೆಯಲ್ಲಿ ಅಕ್ಕಪಕ್ಕ ತೂಗುಹಾಕಿದ ಎರಡು ಪಟಗಳನ್ನು ನಾನು ನೋಡಿದ್ದೇನೆ. ಒಂದು, ಯಜಮಾನರದು: ಪೇಟದ ಮಡಿಕೆ, ಕೋಟಿನ ಗುಂಡಿ, ಮೀಸೆಯ ಎಳೆ ಎಲ್ಲವೂ ಕೊರೆದಿಟ್ಟಂತೆ, ಸ್ಟುಡಿಯೋದ ಕೆಲಸ. ಇನ್ನೊಂದು ಅವರ ಮಡದಿಯದು. ಪಟ್ಟಣದಿಂದ ಬಂದಿದ್ದ ನೆಂಟನೊಬ್ಬ ಪೆಟ್ಟಿಗೆ ಕ್ಯಾಮೆರಾದಲ್ಲಿ ಹಿತ್ತಿಲಿನಲ್ಲಿ ತೆಗೆದದ್ದಂತೆ. ಮುಖ ಮಂಜುಮಂಜು, ಮೂಗುತಿ ಒಂದು ಗೀರು. ಆ ಹೆಂಗಸಿನ ಚಿತ್ರ ಇದೊಂದೇ.

“ನಮ್ಮಜ್ಜಿ ಫೋಟೋ ಅಂದ್ರೆ ಹೆದರೋರು ಸ್ವಾಮಿ, ಅಲ್ಲಾಡ್ಬುಟ್ರು,” ಎಂದರು ಮನೆಯವರು. ಆ ಮನೆಯಲ್ಲಿ ಎರಡು ತಲೆಮಾರು ನಡೆದುಬಂದ ತೀರ್ಪು ಅದು. ಆದರೆ ಪಟವನ್ನು ಬಾಗಿಲ ಬೆಳಕಿಗೆ ತಂದು ನೋಡಿದರೆ ಸಾಕ್ಷಿ ಬೇರೆಯೇ ಇದೆ. ಮೂಗುತಿ ಮೇಲಿನಿಂದ ಕೆಳಕ್ಕೆ ಎಷ್ಟು ಉದ್ದ ಎಳೆದುಕೊಂಡಿದೆಯೋ, ಹಿಂದಿನ ಬಾವಿಯ ರಾಟೆಯೂ ಅಷ್ಟೇ ಉದ್ದ, ಅದೇ ದಿಕ್ಕಿಗೆ ಎಳೆದುಕೊಂಡಿದೆ. ಕಲ್ಲುಕಂಬದ ಅಂಚೂ ಹಾಗೆಯೇ. ಅಜ್ಜಿ ಅಲ್ಲಾಡಿದ್ದರೆ ಅಜ್ಜಿಯೊಬ್ಬಳೇ ಮಸುಕಾಗಬೇಕಿತ್ತು. ಕಲ್ಲುಕಂಬ ಹೆದರುವುದುಂಟೆ? ಸನ್ನೆಯನ್ನು ಕೆಳಕ್ಕೆ ತಳ್ಳಿದ ಬೆರಳು ಕ್ಯಾಮೆರಾದ ಮೂತಿಯನ್ನೂ ಕೆಳಕ್ಕೆ ತಗ್ಗಿಸಿತು. ಆಕೆ ಪಾಪ, ಕಂಬದಷ್ಟೇ ನೆಟ್ಟಗೆ ನಿಂತಿದ್ದಳು. ಹಳೆಯ ಪಟಗಳಿರುವ ಮನೆಯವರು ಈ ಪರೀಕ್ಷೆಯನ್ನು ತಾವೂ ಮಾಡಿ ನೋಡಬಹುದು. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ನಿರಪರಾಧಿಗಳೆಂದು ತೋರೀತು.

ಅಲುಗಾಟ ಎಷ್ಟಿದ್ದರೆ ಕೆಡುತ್ತದೆ ಎಂಬುದಕ್ಕೆ ಲೆಕ್ಕವಿದೆ. 50 ಮಿಲಿಮೀಟರಿನ ಮಸೂರವಿರುವ ಕ್ಯಾಮೆರಾ, ಷಟರ್ ತೆರೆದಿರುವಾಗ ಒಂದು ಡಿಗ್ರಿಯ ಹತ್ತನೆಯ ಒಂದು ಪಾಲು ಓರೆಯಾದರೆ, ಫಿಲ್ಮಿನ ಮೇಲೆ ಬಿಂಬ ಸುಮಾರು 0.09 ಮಿಲಿಮೀಟರು ಜಾರುತ್ತದೆ. ಎಂಟು ಪಟ್ಟು ಹಿಗ್ಗಿಸಿದ ಪ್ರತಿಯಲ್ಲಿ ಅದು 0.7 ಮಿಲಿಮೀಟರು, ರೆಪ್ಪೆಗೂದಲು ಮಾಯವಾಗುವುದಕ್ಕೆ ಅಷ್ಟು ಸಾಕು. ಮಸೂರದ ನಾಭಿದೂರದ ಅಂಕಿಯನ್ನೇ ಛೇದವಾಗಿಟ್ಟು, ಅದಕ್ಕಿಂತ ನಿಧಾನವಾದ ವೇಗದಲ್ಲಿ ಕೈಹಿಡಿದು ತೆಗೆಯಬೇಡಿ ಎಂಬ ಸೂತ್ರ ಇದರಿಂದಲೇ ಹುಟ್ಟಿದ್ದು. ಆದರೆ ಈ ಸೂತ್ರ ಗುಂಡಿಯ ಸ್ವಭಾವವನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ.

ಗುಂಡಿಗೂ ಸ್ವಭಾವವುಂಟು. ಮೊದಲು ಸ್ವಲ್ಪ ಸಡಿಲ, ಆಮೇಲೆ ಬಿಗಿ, ಆಮೇಲೆ ಬಿಟ್ಟುಕೊಡುವ ಒಂದು ಬಿಂದು. ಆ ಬಿಂದು ಎಲ್ಲಿದೆಯೆಂದು ಬೆರಳಿಗೆ ಗೊತ್ತಾದರೆ, ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ಬಿಗಿಯ ಅಂಚಿನವರೆಗೆ ಹೋಗಿ ಕಾದು, ಬೇಕಾದ ಗಳಿಗೆಯಲ್ಲಿ ಎಳ್ಳಷ್ಟು ಭಾರ ಹೆಚ್ಚಿಸಿದರೆ ಸಾಕು. ನುರಿತ ಬೇಟೆಗಾರ ಬಂದೂಕಿನ ಕುದುರೆಯನ್ನು ಸೆಳೆಯುವ ಬಗೆ ಇದು. ಬಿಂದು ತಿಳಿಯದಿದ್ದರೆ ಕೈ ಸಂಶಯಕ್ಕೆ ಬಿದ್ದು ಜೋರಾಗಿ ಕುಕ್ಕುತ್ತದೆ. ತೀರ ಗಟ್ಟಿ ಗುಂಡಿ ಕೈಯನ್ನು ನಡುಗಿಸುತ್ತದೆ. ತೀರ ಮೃದುವಾದದ್ದು ಮನಸ್ಸು ಹೇಳುವ ಮುನ್ನವೇ ಹಾರಿಬಿಡುತ್ತದೆ. ನನ್ನನ್ನು ಕೇಳಿದರೆ, ಗಟ್ಟಿಯಾದರೂ ಬಿಂದು ಸ್ಪಷ್ಟವಾಗಿರುವ ಗುಂಡಿಯೇ ವಾಸಿ.

ಮಡಿಸುವ ಕ್ಯಾಮೆರಾಗಳು ಈ ವಿಷಯದಲ್ಲಿ ಪೆಟ್ಟಿಗೆಗಿಂತಲೂ ಮೇಲೇನಲ್ಲ. 1912ರಲ್ಲಿ ಬಂದ ಕಾಂಪುರ್ ಷಟರ್ ಒಳ್ಳೆಯ ಯಂತ್ರವೇ. ಆದರೆ ಅದರ ಸನ್ನೆ ಇದ್ದದ್ದು ಮಸೂರದ ಪಕ್ಕದಲ್ಲಿ, ತಿದಿಯ ತುದಿಯಲ್ಲಿ. ಯಾತದ ತುದಿಗೆ ಭಾರ ಹಾಕಿದಂತೆ, ಅಲ್ಲಿ ಒತ್ತಿದರೆ ಇಡೀ ಕ್ಯಾಮೆರಾ ತಲೆಬಾಗುತ್ತಿತ್ತು. 1925ರಲ್ಲಿ ಲೈಪ್ಜಿಗ್ ಜಾತ್ರೆಯಲ್ಲಿ ಕಾಣಿಸಿಕೊಂಡ ಲೈಕಾ ಈ ಅವ್ಯವಸ್ಥೆಯನ್ನು ಸರಿಪಡಿಸಿತು. ಆಸ್ಕರ್ ಬಾರ್ನಾಕ್ ರೂಪಿಸಿದ ಆ ಸಣ್ಣ ಯಂತ್ರದಲ್ಲಿ ಷಟರ್ ಒಡಲೊಳಗೇ ಇತ್ತು; ಗುಂಡಿ ನೆತ್ತಿಯ ಮೇಲೆ, ತೋರುಬೆರಳು ತಾನಾಗಿಯೇ ಬಂದು ಕೂರುವಲ್ಲಿ. ಕೆಳಗಿನಿಂದ ಅಂಗೈ ಆನಿಸಿದರೆ ಬೆರಳಿನ ಭಾರಕ್ಕೆ ಎದುರುಭಾರ ಸಿಕ್ಕಿತು. ಎದೆಯ ಮಟ್ಟದಲ್ಲಿ ಹಿಡಿಯುವ ರೋಲೈಫ್ಲೆಕ್ಸಿನದು ಬೇರೊಂದು ಉಪಾಯ: ಕೊರಳಿನ ಪಟ್ಟಿ ಬಿಗಿಯಾಗಿರುವಾಗ ಗುಂಡಿಯನ್ನು ಕೆಳಕ್ಕಲ್ಲ, ತನ್ನ ಮೈಯ ಕಡೆಗೇ ಒತ್ತುವುದು.

ಕಲಿತ ಪಾಠ ಮರೆತುಹೋಗುವುದೂ ಉಂಟು. 1959ರ ನಿಕಾನ್ ಎಫ್ ಪತ್ರಿಕಾ ಛಾಯಾಗ್ರಾಹಕರ ನೆಚ್ಚಿನ ಕ್ಯಾಮೆರಾ ಆಯಿತು. ಆದರೂ ಅದರ ಗುಂಡಿ ಹಿಂದಂಚಿಗೆ ಸರಿದಿದ್ದು ಬೆರಳನ್ನು ಹಿಂದಕ್ಕೆ ಮಡಿಸಬೇಕಾಗಿತ್ತು. 1971ರ ಎಫ್-2ರಲ್ಲಿ ಅದನ್ನು ಮುಂದಕ್ಕೆ ತಂದರು. ಅಗ್ಫಾ ಕಂಪನಿ 1960ರ ದಶಕದ ಕೊನೆಯಲ್ಲಿ ಕೆಂಪು ಬಿಲ್ಲೆಯಂಥ ‘ಸೆನ್ಸರ್’ ಗುಂಡಿಯನ್ನು ತಂದು, ಮುಟ್ಟಿದಷ್ಟಕ್ಕೇ ಕೆಲಸವಾಗುವಂತೆ ಮಾಡಿತು. ಕೈ ಅಲುಗದು ಎಂಬುದೇ ಅದರ ಹೆಗ್ಗಳಿಕೆ. 1975ರ ಕಾಂಟಾಕ್ಸ್ ಆರ್‌ಟಿಎಸ್‌ನಲ್ಲಿ ಸನ್ನೆಯ ಜಾಗಕ್ಕೆ ವಿದ್ಯುತ್ ಅಯಸ್ಕಾಂತ ಬಂತು. ಅದರ ಗುಂಡಿ ಎಷ್ಟು ಚುರುಕೆಂದರೆ, ಬೇಡದ ಚಿತ್ರಗಳನ್ನೂ ತೆಗೆದುಬಿಡುತ್ತಿತ್ತು.

ನಮ್ಮ ನಾಡಿನಲ್ಲಿ ಎರಡು ಸಂಪ್ರದಾಯಗಳೂ ಬೆಳೆದವು. ಒ. ಸಿ. ಎಡ್ವರ್ಡ್ಸ್ ಅವರಲ್ಲಿ ಪಳಗಿದ ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932–2017) ಅವರಂಥ ವನ್ಯಜೀವಿ ಛಾಯಾಗ್ರಾಹಕರಿಗೆ ಮರೆಯಲ್ಲಿ ಕಾದು ಕೂರುವ ಸಾವಧಾನವಿತ್ತು. ಮೈಸೂರಿನಲ್ಲಿ ಹುಟ್ಟಿ, 1948ರಲ್ಲಿ ‘ಡೆಕ್ಕನ್ ಹೆರಾಲ್ಡ್’ ಸೇರಿದ ಟಿ. ಎಸ್. ಸತ್ಯನ್ (1923–2009) ಅವರದು ಬೀದಿಯ, ಮಕ್ಕಳ, ಸಾಮಾನ್ಯ ಜನರ ಲೋಕ. ಓಡುವ ಮಗುವಿನ ಮುಂದೆ ಸ್ಟ್ಯಾಂಡು ನೆಡುವ ಹಾಗಿಲ್ಲ. ಅಲ್ಲಿ ಬೆರಳೇ ಗತಿ. ಇಂದು ಹೊಸಕೋಟೆ ಕೆರೆಯ ಏರಿಯ ಮೇಲೆ ಹಕ್ಕಿಗಳಿಗಾಗಿ 400 ಮಿಲಿಮೀಟರಿನ ಮಸೂರ ಹಿಡಿದು ನಿಲ್ಲುವವರಿಗೆ ಹಿಂದೆ ಹೇಳಿದ ಜಾರುವಿಕೆ ಎಂಟು ಪಟ್ಟು. 1990ರ ದಶಕದ ನಡುವಿನಿಂದ ಮಸೂರದೊಳಗೇ ನಡುಕವನ್ನು ತಡೆಯುವ ಸಾಧನ ಬಂದು ಅವರನ್ನು ಬಹುಮಟ್ಟಿಗೆ ಕಾಪಾಡಿದೆ.

ಮೊಬೈಲು ಫೋನು ಬಂದಮೇಲೆ ಗುಂಡಿಯೇ ಮಾಯವಾಗಿ ಗಾಜು ಉಳಿಯಿತು. ಗಾಜಿಗೆ ಸಡಿಲವಿಲ್ಲ, ಬಿಗಿಯಿಲ್ಲ, ಬಿಂದುವಿಲ್ಲ. ತಾಕಿತೋ ಇಲ್ಲವೋ ಎಂದು ಬೆರಳಿಗೆ ತಿಳಿಯುವುದಿಲ್ಲ. ಬಹಳ ಮಂದಿ ಪಕ್ಕದ ಧ್ವನಿಯ ಗುಂಡಿಯನ್ನೇ ಒತ್ತಿ ಚಿತ್ರ ತೆಗೆಯಲು ಕಲಿತಿದ್ದಾರೆ. 2024ರಲ್ಲಿ ಆಪಲ್ ಕಂಪನಿ ತನ್ನ ಹೊಸ ಫೋನಿನ ಅಂಚಿಗೆ ಕ್ಯಾಮೆರಾಕ್ಕೆಂದೇ ಒಂದು ಗುಂಡಿಯನ್ನು ಕೂರಿಸಿತು. ಮೆಲ್ಲಗೆ ಒತ್ತಿದರೆ ಒಂದು ಕೆಲಸ, ಪೂರ್ತಿ ಒತ್ತಿದರೆ ಇನ್ನೊಂದು.