ಬಿದಿರಿನ ನಾದವನ್ನು ಉಳಿಸಿಕೊಂಡ ಊರು

ಗಡಿನಾಡ ಕನ್ನಡಿಗರ ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಕಡಲಾಚೆಯ ಚರ್ಚೊಂದರ ವಾದ್ಯದ ಚರಿತ್ರೆಗೆ ಏನು ಕೆಲಸವೆಂದು ಓದುಗ ಬಾಂಧವರು ಕೇಳಬಹುದು. ಅದಕ್ಕೆ ಉತ್ತರವನ್ನು ಲೇಖನದ ಕೊನೆಯಲ್ಲಿ ನಿವೇದಿಸುವೆವು. ಸದ್ಯಕ್ಕೆ ಒಂದು ಮಾತು ಸಾಕು: ಆ ವಾದ್ಯವು ಬಿದಿರಿನದು. ತಾಳವಾಡಿ ಸೀಮೆಯ ನಮಗೆ ಬಿದಿರು ಅಪರಿಚಿತವಲ್ಲ. ಮೊರ, ಬುಟ್ಟಿ, ತಡಿಕೆ, ಏಣಿ, ತೊಟ್ಟಿಲು, ಕೊನೆಗೆ ಚಟ್ಟ ಎಲ್ಲವೂ ಅದರಿಂದಲೇ. ಕಡಿದ ಬಿದಿರನ್ನು ಹಾಗೆಯೇ ಬಿಟ್ಟರೆ ವರ್ಷ ಕಳೆಯುವುದರೊಳಗೆ ಕುಟ್ಟೆ ಹಿಡಿದು ಪುಡಿ ಉದುರುವುದನ್ನೂ ನಾವು ಕಂಡಿದ್ದೇವೆ. ಅಂತಹ ಬಿದಿರಿನಿಂದ ನಿರ್ಮಿತವಾದ ವಾದ್ಯವೊಂದು ಇನ್ನೂರು ವರ್ಷ ಕಳೆದರೂ ಇಂದಿಗೂ ನುಡಿಯುತ್ತಿದೆ ಎಂದರೆ, ಅದು ಹೇಗೆಂದು ತಿಳಿಯುವ ಕುತೂಹಲ ಸಹಜವಾದುದು.

ಫಿಲಿಪ್ಪೀನ್ಸ್ ದೇಶದ ರಾಜಧಾನಿ ಮನಿಲಾದ ದಕ್ಷಿಣಕ್ಕೆ ಲಾಸ್ ಪಿನ್ಯಾಸ್ ಎಂಬ ಊರಿದೆ. ಇಂದು ಅದು ಮಹಾನಗರದೊಳಗೆ ಸೇರಿಹೋಗಿದೆ. ಹಿಂದೆ ಮೀನುಗಾರಿಕೆ ಮತ್ತು ಉಪ್ಪಿನ ಆಗರಗಳನ್ನು ನಂಬಿ ಬಾಳುತ್ತಿದ್ದ ಕಡಲಂಚಿನ ಬಡ ಗ್ರಾಮವಾಗಿತ್ತು. ಆಗ ಆ ದ್ವೀಪಗಳೆಲ್ಲ ಸ್ಪೇನಿನ ಆಳ್ವಿಕೆಯಲ್ಲಿದ್ದವು. 1795ರಲ್ಲಿ ಇಲ್ಲಿನ ಧರ್ಮಕೇಂದ್ರದ ಮೊದಲ ಗುರುಗಳಾಗಿ ಬಂದವರು ಫಾದರ್ ಡಿಯೇಗೊ ಸೆರಾ. ಇವರು 1762ರಲ್ಲಿ ಸ್ಪೇನಿನ ಗ್ರೌಸ್ ಎಂಬ ಊರಿನಲ್ಲಿ ಹುಟ್ಟಿ, ಅಗಸ್ಟೀನಿಯನ್ ರಿಕೊಲೆಕ್ಟ್ ಸಭೆಯನ್ನು ಸೇರಿ, 1792ರಲ್ಲಿ ಫಿಲಿಪ್ಪೀನ್ಸಿಗೆ ಬಂದವರು. ಊರಿನವರ ನೆರವಿನಿಂದ ಕಲ್ಲಿನ ದೇವಾಲಯವನ್ನು ಕಟ್ಟಿಸತೊಡಗಿದರು. ಸಂತ ಜೋಸೆಫರ ಹೆಸರಿನ ಆ ದೇವಾಲಯದ ಕಟ್ಟಡವು 1797ರಿಂದ 1819ರವರೆಗೆ ನಡೆಯಿತು. ಆ ಕೆಲಸ ಮುಗಿಯುವ ಮೊದಲೇ, 1816ರಲ್ಲಿ, ಅವರು ಪೈಪ್ ಆರ್ಗನ್ ಒಂದರ ನಿರ್ಮಾಣಕ್ಕೂ ಕೈಹಾಕಿದರು.

ಪೈಪ್ ಆರ್ಗನ್ ಎಂದರೆ ನಮ್ಮ ಹಾರ್ಮೋನಿಯಮ್ಮಿನ ದೊಡ್ಡ ರೂಪವೆಂದು ಕೆಲವರು ಭಾವಿಸುವುದುಂಟು. ಮನೆಗಳನ್ನು ಒತ್ತಿ ನುಡಿಸುವುದೂ ತಿದಿಯಿಂದ ಗಾಳಿ ತುಂಬುವುದೂ ಎರಡಕ್ಕೂ ಸಮಾನವಾದರೂ ನಾದ ಹುಟ್ಟುವ ಬಗೆ ಬೇರೆ. ಹಾರ್ಮೋನಿಯಮ್ಮಿನಲ್ಲಿ ಹಿತ್ತಾಳೆಯ ಸಣ್ಣ ನಾಲಗೆಗಳು ಮಿಡಿದು ಸ್ವರ ಕೊಡುತ್ತವೆ. ಆರ್ಗನ್ನಿನ ಹೆಚ್ಚಿನ ಕೊಳವೆಗಳಲ್ಲಾದರೋ ಗಾಳಿಯು ಕೊಳಲಿನಲ್ಲಿ ನುಡಿಯುವಂತೆಯೇ ನುಡಿಯುತ್ತದೆ. ಭೇದವಿಷ್ಟೇ: ಕೊಳಲು ಒಂದೇ ಆಗಿ ಬೆರಳಾಟದಿಂದ ಹಲವು ಸ್ವರ ಹೊರಡಿಸುತ್ತದೆ, ಆರ್ಗನ್ನಿನ ಒಂದು ಕೊಳವೆಗೆ ಒಂದೇ ಸ್ವರ. ಕೊಳವೆ ಉದ್ದವಾದಷ್ಟೂ ಸ್ವರ ಮಂದ್ರ, ಗಿಡ್ಡವಾದಷ್ಟೂ ತಾರ. ಒಂದೊಂದು ಬಗೆಯ ನಾದಕ್ಕೆ ಒಂದೊಂದು ಸಾಲು ಕೊಳವೆಗಳಿದ್ದು, ಬೇಕಾದ ಸಾಲನ್ನು ವಾದಕನು ಹಿಡಿಯೆಳೆದು ಆರಿಸಿಕೊಳ್ಳುತ್ತಾನೆ. ಆದುದರಿಂದಲೇ ನೂರಾರು ಕೊಳವೆಗಳ ಅಗತ್ಯ.

ಯುರೋಪಿನಲ್ಲಿ ಈ ಕೊಳವೆಗಳನ್ನು ಸೀಸ ತವರಗಳ ಮಿಶ್ರಣದಿಂದಲೋ ಮರದಿಂದಲೋ ಮಾಡುವುದು ರೂಢಿ. ಬಿದಿರು ಸೆರಾ ಅವರ ಕಣ್ಣೆದುರೇ ಬೆಳೆಯುತ್ತಿತ್ತು. ಹುಟ್ಟಿನಿಂದಲೇ ಕೊಳವೆಯಾಗಿರುವ ವಸ್ತು ಅದು. ಆದರೆ ಹುಳುವಿನ ಬಾಧೆಗೆ ಪರಿಹಾರ ಬೇಕಿತ್ತಲ್ಲವೆ? ಕಡಿದ ಬಿದಿರನ್ನು ಅವರು ಕಡಲತೀರದ ಮರಳಿನಲ್ಲಿ ತಿಂಗಳುಗಟ್ಟಲೆ ಹೂತಿಟ್ಟರು. ಉಪ್ಪುನೀರು ಹೊಕ್ಕು, ಹುಳುವಿಗೆ ಆಹಾರವಾಗುವ ಸಾರ ಕರಗಿಹೋದ ಮೇಲೆ ಹೊರತೆಗೆದು, ಗಟ್ಟಿಯಾಗಿ ಉಳಿದುದನ್ನು ಮಾತ್ರ ಬಳಸಿದರು. ನಮ್ಮ ಹಿರಿಯರು ಬಿದಿರನ್ನು ಕೆರೆಯಲ್ಲಿ ನೆನೆಹಾಕುತ್ತಿದ್ದುದೂ ಇದೇ ತತ್ತ್ವದಿಂದ. 1821ರ ಹೊತ್ತಿಗೆ ಆರ್ಗನ್ ನುಡಿಸುವ ಸ್ಥಿತಿಗೆ ಬಂದಿತು. ಆದರೆ ಕಹಳೆಯ ಖಣಿಯನ್ನು ಬಿದಿರು ಕೊಡಲಾರದು. ಆ ಸಾಲುಗಳನ್ನು ಲೋಹದಲ್ಲಿ ಮಾಡಿಸಿ, ಸ್ಪೇನಿನ ಪದ್ಧತಿಯಂತೆ ಅಡ್ಡಲಾಗಿ ಹೊರಚಾಚಿ ನಿಲ್ಲಿಸಿ, 1824ರಲ್ಲಿ ಕೆಲಸವನ್ನು ಪೂರ್ಣಗೊಳಿಸಿದರು. ಒಟ್ಟು ಕೊಳವೆಗಳು 1031. ಅವುಗಳಲ್ಲಿ 902 ಬಿದಿರಿನವು, 129 ಲೋಹದವು. ಜಾತ್ರೆಯಲ್ಲಿ ಮಕ್ಕಳು ಊದುವ ನೀರಿನ ಪೀಪಿಯಂತೆ ಹಕ್ಕಿಗಳ ಉಲಿಯನ್ನು ಹೊರಡಿಸುವ ಏರ್ಪಾಡು ಕೂಡ ಅದರಲ್ಲಿದೆ. ಸೆರಾ ಅವರು 1832ರಲ್ಲಿ ತೀರಿಕೊಂಡರು.

ನಿರ್ಮಾಪಕನು ಹೋದ ಮೇಲೆ ವಾದ್ಯಕ್ಕೆ ಕಷ್ಟಕಾಲ ಬಂದಿತು. ಭೂಕಂಪಗಳಿಂದಲೂ ಚಂಡಮಾರುತಗಳಿಂದಲೂ ದೇವಾಲಯವು ಪದೇ ಪದೇ ಜಖಂಗೊಂಡಿತು. ಮಾಡು ಹಾರಿದಾಗ ಮಳೆಯಿಂದ ಆರ್ಗನ್ನಿಗೂ ಪೆಟ್ಟಾಯಿತು. ಅದರ ಭಾಗಗಳನ್ನು ಬಿಚ್ಚಿ ಕೂಡಿಹಾಕಲಾಯಿತು. ದಶಕಗಳ ಕಾಲ ಅದು ಮೂಕವಾಗಿತ್ತು. 1898ರಲ್ಲಿ ಸ್ಪೇನಿನ ಆಳ್ವಿಕೆ ಕೊನೆಗೊಂಡು ಅಮೆರಿಕದ ಆಳ್ವಿಕೆ ಬಂದಿತು. ಅನಂತರ ಧರ್ಮಕೇಂದ್ರದ ಹೊಣೆ ಹೊತ್ತ ಬೆಲ್ಜಿಯಮ್ಮಿನ ಮಿಷನರಿಗಳು ಅದನ್ನು ಎತ್ತಿ ನಿಲ್ಲಿಸಲು ಯತ್ನಿಸಿದರು. ಅಷ್ಟಿಷ್ಟು ನಾದ ಮರಳಿತಾದರೂ ಪೂರ್ವದ ಸ್ಥಿತಿ ಬರಲಿಲ್ಲ. ಮುಂದೆ 1945ರ ಯುದ್ಧದಲ್ಲಿ ಮನಿಲಾದ ಇಂಟ್ರಾಮುರೋಸ್ ಕೋಟೆಯೊಳಗಿನ ಚರ್ಚುಗಳು ನೆಲಸಮವಾದಾಗ ನೆಟ್ಟಗೆ ನಿಂತು ಉಳಿದದ್ದು ಸಂತ ಅಗಸ್ಟೀನರ ಚರ್ಚ್ ಒಂದೇ. ಅಂತಹ ಕಾಲದಲ್ಲಿ ಹೊರವಲಯದ ಈ ಬಿದಿರಿನ ವಾದ್ಯ ಉಳಿದುಕೊಂಡದ್ದೇ ದೊಡ್ಡದು.

1970ರ ದಶಕದ ಆರಂಭದಲ್ಲಿ ಊರಿನವರೂ ದೇಶದ ಗಣ್ಯರೂ ಒಟ್ಟುಗೂಡಿ ದೇವಾಲಯ ಮತ್ತು ಆರ್ಗನ್ ಎರಡನ್ನೂ ಒಮ್ಮೆಗೇ ಸರಿಪಡಿಸಲು ನಿಶ್ಚಯಿಸಿದರು. ವಾಸ್ತುಶಿಲ್ಪಿಗಳಾದ ಫ್ರಾನ್ಸಿಸ್ಕೊ ಮನ್ಯೋಸಾ ಮತ್ತು ಲುಡ್ವಿಗ್ ಆಲ್ವಾರೆಜ್ ಅವರು ಕಟ್ಟಡವನ್ನು 19ನೆಯ ಶತಮಾನದ ರೂಪಕ್ಕೆ ಮರಳಿಸಿದರು. ಆರ್ಗನ್ನನ್ನು ರಿಪೇರಿ ಮಾಡಬಲ್ಲವರು ಆಗ ಆ ದೇಶದಲ್ಲಿರಲಿಲ್ಲ. 1973ರಲ್ಲಿ ಅದನ್ನು ಕಳಚಿ, ಹಡಗಿಗೇರಿಸಿ, ಜರ್ಮನಿಯ ಬಾನ್ ನಗರದ ಯೋಹಾನೆಸ್ ಕ್ಲೈಸ್ ಸಂಸ್ಥೆಯ ಕಾರ್ಯಾಗಾರಕ್ಕೆ ಕಳುಹಿಸಲಾಯಿತು. ಊರದೇವರ ಉತ್ಸವಮೂರ್ತಿಯನ್ನು ಪರದೇಶಕ್ಕೆ ಕಳುಹಿಸಿ ದಾರಿ ಕಾಯುವುದೆಂದರೆ ಹೇಗಿರಬಹುದೆಂದು ಊಹಿಸಿಕೊಂಡರೆ ಆ ಜನರ ಮನಸ್ಸು ನಮಗೆ ಅರ್ಥವಾದೀತು.

ಇಂತಹ ಜೀರ್ಣೋದ್ಧಾರದಲ್ಲಿ ಹೊಸದನ್ನು ಮಾಡುವುದಕ್ಕಿಂತ ಹಳೆಯದನ್ನು ಅರಿಯುವುದು ಕಷ್ಟ. ಒಂದೊಂದು ಕೊಳವೆಯನ್ನೂ ಬಿಡಿಸಿ, ಅದರ ಸ್ಥಾನವನ್ನು ಗುರುತಿಸಿ, ಧೂಳು ತೆಗೆದು, ಸೀಳನ್ನು ಮುಚ್ಚಿ, ತೀರ ಕೆಟ್ಟುದಕ್ಕೆ ಮಾತ್ರ ಬದಲಿಯನ್ನಿಡಬೇಕು. ಕೊಳವೆಯ ಬಾಯನ್ನು ಒಂದು ಕೂದಲೆಳೆಯಷ್ಟು ಹೆಚ್ಚಾಗಿ ಕೆತ್ತಿದರೂ ಮೊದಲ ಕರ್ತೃವಿನ ನಾದ ಮತ್ತೆ ಬಾರದು. ಎರಡು ವರ್ಷಗಳ ಶ್ರಮದ ಅನಂತರ, 1975ರ ಮಾರ್ಚಿಯಲ್ಲಿ, ಆರ್ಗನ್ ಸ್ವದೇಶಕ್ಕೆ ಮರಳಿತು. ಮೇ ತಿಂಗಳಲ್ಲಿ ಅದರ ಪುನರಾರಂಭದ ಕಚೇರಿ ಜರುಗಿತು. ಮರುವರ್ಷದಿಂದ ಪ್ರತಿವರ್ಷವೂ ಅಲ್ಲಿ ಅಂತರರಾಷ್ಟ್ರೀಯ ಬಿದಿರು ಆರ್ಗನ್ ಉತ್ಸವ ನಡೆಯುತ್ತ ಬಂದಿದೆ. 2003ರಲ್ಲಿ ಫಿಲಿಪ್ಪೀನ್ಸ್ ಸರಕಾರವು ಅದನ್ನು ರಾಷ್ಟ್ರೀಯ ಸಾಂಸ್ಕೃತಿಕ ನಿಧಿಯೆಂದು ಘೋಷಿಸಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾವು ಇದನ್ನು ಬರೆಯುತ್ತಿರಲಿಲ್ಲ. ಪರದೇಶದ ಪರಿಣತರು ಸರಿಪಡಿಸಿ ಕೊಟ್ಟ ವಸ್ತು ಮತ್ತೆ ಕೆಟ್ಟರೆ ಪುನಃ ಪರದೇಶದ ಕಡೆಗೇ ನೋಡಬೇಕಾಗುತ್ತದೆ. ಲಾಸ್ ಪಿನ್ಯಾಸ್‌ನವರು ಹಾಗಾಗಗೊಡಲಿಲ್ಲ. ಧರ್ಮಕೇಂದ್ರದಲ್ಲಿ ಬಾಲಕರ ಗಾನವೃಂದವೊಂದಿತ್ತು. ಅದರಲ್ಲಿ ಹಾಡುತ್ತಿದ್ದ ಆರ್ಮಾಂಡೊ ಸಲಾರ್ಸಾ ಎಂಬ ಹುಡುಗ ಮುಂದೆ ಆಸ್ಟ್ರಿಯಾದಲ್ಲಿ ಆರ್ಗನ್ ವಾದನವನ್ನು ಅಭ್ಯಾಸಮಾಡಿ ಹಿಂದಿರುಗಿ ಅದೇ ದೇವಾಲಯದ ಪ್ರಧಾನ ವಾದಕರಾದರು. ಅದೇ ರೀತಿ ಯುರೋಪಿನಲ್ಲಿ ಆರ್ಗನ್ ನಿರ್ಮಾಣದ ತರಬೇತಿ ಹೊಂದಿದ ಸೀಲ್ವಿನ್ ಟಾಗ್ಲೆ ಅವರು 1994ರಲ್ಲಿ ಸಂಗಡಿಗರೊಂದಿಗೆ ಲಾಸ್ ಪಿನ್ಯಾಸ್‌ನಲ್ಲೇ ಕಾರ್ಯಾಗಾರ ತೆರೆದರು. ಅದಕ್ಕೆ ಮೊದಲ ಗುರುವಿನ ನೆನಪಿಗೆ ಡಿಯೇಗೊ ಸೆರಾ ಎಂದೇ ಹೆಸರಿಟ್ಟರು. ಈ ಶತಮಾನದಲ್ಲಿ ಬಿದಿರು ಆರ್ಗನ್ನಿಗೆ ಮತ್ತೆ ದುರಸ್ತಿ ಬೇಕಾದಾಗ ಅದನ್ನು ಹಡಗಿಗೇರಿಸಬೇಕಾಗಿ ಬರಲಿಲ್ಲ. ಈ ಕಾರ್ಯಾಗಾರದವರೇ ಮಾಡಿದರು. ಮನಿಲಾದ ಸಂತ ಅಗಸ್ಟೀನರ ಚರ್ಚಿನ ಹಳೆಯ ಆರ್ಗನ್ನಿಗೆ ಜೀವ ಬಂದದ್ದೂ ಇವರ ಕೈಯಿಂದಲೇ.

ಇಷ್ಟಾದರೂ ಆ ವಾದ್ಯವು ಪ್ರದರ್ಶನದ ವಸ್ತುವಾಗಿ ಕುಳಿತಿಲ್ಲ. ದೇವಾಲಯದ ಪೂಜಾವಿಧಿಗಳಲ್ಲಿ ನುಡಿಯುತ್ತಿದೆ. ಡಿಸೆಂಬರ್ 16ರಿಂದ ಕ್ರಿಸ್ಮಸ್‌ವರೆಗೆ ಒಂಬತ್ತು ದಿನ ನಸುಕಿನಲ್ಲೆದ್ದು ಬಲಿಪೂಜೆಗೆ ಬರುವುದು ಆ ದೇಶದವರ ಸಂಪ್ರದಾಯ. ಬಿದಿರಿನ ಕಡ್ಡಿಗಳಿಂದ ಕಟ್ಟಿದ ನಕ್ಷತ್ರದೀಪಗಳು ಆಗ ಮನೆಮನೆಯ ಮುಂದೆ ತೂಗುತ್ತವೆ. ಬಳಸಿದಷ್ಟೂ ಅದರ ಆರೋಗ್ಯ ತಿಳಿಯುತ್ತದೆ. ಯಾವ ಕೊಳವೆ ಉಸಿರು ಬಿಡುತ್ತಿದೆ, ಯಾವ ಮನೆ ಸಿಕ್ಕಿಕೊಂಡಿದೆ ಎಂಬುದು ನುಡಿಸುವ ಕೈಗೆ ಮೊದಲು ಗೊತ್ತಾಗುತ್ತದೆ.

ಈಗ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾವು ಮುಖ್ಯೋಪಾಧ್ಯಾಯರಾಗಿದ್ದ ಶಾಲೆಯೊಂದರಲ್ಲಿ ದಾನಿಗಳು ಕೊಟ್ಟ ಹಳೆಯ ಹಾರ್ಮೋನಿಯಮ್ಮಿತ್ತು. ಸಂಗೀತ ಬಲ್ಲ ಉಪಾಧ್ಯಾಯರು ನಿವೃತ್ತರಾದ ಮೇಲೆ, ಮಕ್ಕಳ ಕೈಗೆ ಸಿಕ್ಕಿ ಹಾಳಾದೀತೆಂದು, ಅದನ್ನು ಬೀರುವಿನಲ್ಲಿಟ್ಟು ನಾವೇ ಬೀಗ ಹಾಕಿಸಿದೆವು. ಆರು ವರ್ಷಗಳ ಅನಂತರ ರಾಜ್ಯೋತ್ಸವದ ಹಾಡಿಗಾಗಿ ತೆಗೆದಾಗ ತಿದಿಯನ್ನು ಇಲಿ ಕಡಿದಿತ್ತು, ಮನೆಗಳು ಏಳುತ್ತಿರಲಿಲ್ಲ. ಮಕ್ಕಳು ಅಂದು ಶ್ರುತಿಯಿಲ್ಲದೆ ಹಾಡಿದರು. ಅದನ್ನು ಕಾಪಾಡಿದೆವೆಂಬ ಭ್ರಮೆಯಲ್ಲಿ ಕೊಂದವರು ನಾವೇ. ಬೀಗದ ಕೈಯನ್ನು ಒಬ್ಬ ವಿದ್ಯಾರ್ಥಿಗೆ ಕೊಟ್ಟು, ನಿತ್ಯ ಪ್ರಾರ್ಥನೆಗೆ ನುಡಿಸು ಎಂದಿದ್ದರೆ, ಒಂದೆರಡು ಮನೆ ಮುರಿಯುತ್ತಿದ್ದವೇನೋ, ವಾದ್ಯವಂತೂ ಬದುಕುತ್ತಿತ್ತು.

ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಇದೇ ಉತ್ತರ. ರಾಜ್ಯದ ಗಡಿಯ ಈಚೆ ಬಾಳುವ ನಮಗೆ ಕನ್ನಡವೂ ಅಂತಹುದೇ ಒಂದು ಪಿತ್ರಾರ್ಜಿತ ವಾದ್ಯ. ಹೊರಗಿನವರ ನೆರವು ಬೇಡವೆಂದು ನಾವು ಹೇಳೆವು. ಲಾಸ್ ಪಿನ್ಯಾಸ್‌ನವರೂ ಅದನ್ನು ಸಂಕೋಚವಿಲ್ಲದೆ ಪಡೆದರು. ಆದರೆ ಆ ನೆರವು ಒಂದು ಸಲದ ದುರಸ್ತಿಗಷ್ಟೇ ಆದೀತು. ಅಲ್ಲಿಂದ ಮುಂದಕ್ಕೆ ಉಳಿಸುವವರು ನಿತ್ಯ ನುಡಿಸುವ ಮಕ್ಕಳು, ಕೆಟ್ಟಾಗ ಸರಿಪಡಿಸಲು ಕಲಿತ ತರುಣರು. ಸಂಘದ ಪುಸ್ತಕದ ಬೀರುವಿನ ಬೀಗದ ಕೈ ಇಂದು ನಮ್ಮಂತಹ ಮುದುಕರ ಸೊಂಟದಲ್ಲಿದೆ. ಈ ಸಮ್ಮೇಳನ ಮುಗಿಯುವುದರೊಳಗೆ ಅದನ್ನು ಒಬ್ಬ ಹುಡುಗಿಯ ಅಥವಾ ಹುಡುಗನ ಕೈಗೆ ಕೊಡೋಣ. ಪುಸ್ತಕದ ಹಾಳೆ ಹರಿದರೆ ಅಂಟಿಸಿಕೊಂಡರಾಯಿತು.