ಮೆರ್ಕಾದ ಅಡುಗೆಯವ

1977ರ ಅಕ್ಟೋಬರ್ 12. ಸೊಮಾಲಿಯಾದ ಕಡಲತೀರದ ಊರು ಮೆರ್ಕಾ. ಅಲ್ಲಿನ ಆಸ್ಪತ್ರೆಗೆ ಬಂದ ವಾಹನದಲ್ಲಿ ಅಲೆಮಾರಿ ಕುಟುಂಬದ ಇಬ್ಬರು ಮಕ್ಕಳಿದ್ದರು, ಇಬ್ಬರಿಗೂ ಸಿಡುಬು. ಸಿಡುಬಿನವರನ್ನು ಪ್ರತ್ಯೇಕವಾಗಿ ಇರಿಸುವ ಶಿಬಿರಕ್ಕೆ ಅವರನ್ನು ಮುಟ್ಟಿಸಬೇಕಿತ್ತು, ಚಾಲಕನಿಗೆ ದಾರಿ ಗೊತ್ತಿರಲಿಲ್ಲ. ಆಸ್ಪತ್ರೆಯ ಅಡುಗೆಯವ, 23 ವರ್ಷದ ಅಲಿ ಮಾವ್ ಮಾಲಿನ್, ತಾನು ತೋರಿಸುತ್ತೇನೆಂದು ಹತ್ತಿ ಕುಳಿತ. ಕೆಲವೇ ನಿಮಿಷಗಳ ದಾರಿ. ಹಿಂದೆ ಲಸಿಕೆ ಹಾಕುವ ತಂಡದಲ್ಲೂ ಕೆಲಕಾಲ ದುಡಿದಿದ್ದ ಈತ ತಾನು ಮಾತ್ರ ದಾಕು ಹಾಕಿಸಿಕೊಂಡಿರಲಿಲ್ಲ. ನೋವಾಗುತ್ತದೆಂಬ ಭಯವಿತ್ತು ಎಂದು ಮುಂದೆ ತಾನೇ ಒಪ್ಪಿಕೊಂಡ.

ಹತ್ತು ದಿನಕ್ಕೆ ಜ್ವರ ಬಂತು. ಮಲೇರಿಯಾ ಎಂದು ಮದ್ದು ಕೊಟ್ಟರು. 26ರಂದು ಗುಳ್ಳೆ ಎದ್ದಾಗ ಚಿಕನ್‌ಪಾಕ್ಸ್ ಎಂದುಕೊಂಡು ಮನೆಗೆ ಕಳಿಸಿದರು. ಸಿಡುಬೆಂದು ಗುರುತಾದದ್ದು ಇನ್ನೂ ನಾಲ್ಕು ದಿನದ ಮೇಲೆ. ಆಮೇಲೆ ಆತನ ಸಂಪರ್ಕಕ್ಕೆ ಬಂದಿದ್ದ 161 ಜನರನ್ನು ಹುಡುಕಿ ತೆಗೆದರು, ಊರಿನ ದಾರಿಗಳಿಗೆ ಕಾವಲು ಹಾಕಿದರು, ಎರಡು ವಾರದಲ್ಲಿ 54,777 ಮಂದಿಗೆ ಲಸಿಕೆ ಚುಚ್ಚಿದರು. ಆತನಿಂದ ಇನ್ನೊಬ್ಬರಿಗೆ ಸೋಂಕು ದಾಟಲಿಲ್ಲ. ಜನರಿಂದ ಜನರಿಗೆ ಸಹಜವಾಗಿ ಹರಡಿ ಬಂದ ಸಿಡುಬಿನ ಕೊನೆಯ ರೋಗಿ ಮಾಲಿನ್. ಆತ ಬದುಕಿದ. ಆ ವಾಹನದಲ್ಲಿದ್ದ ಆರು ವರ್ಷದ ಹುಡುಗಿ ಮಾತ್ರ ಉಳಿಯಲಿಲ್ಲ.

ಸಿಡುಬು ತನ್ನ ಕೊನೆಯ ನೆಲೆಯನ್ನು ಆಫ್ರಿಕಾದ ಕೊಂಬು ಎನ್ನುವ ಆ ನಾಡಿನಲ್ಲಿ ಕಂಡುಕೊಂಡದ್ದು ಆಕಸ್ಮಿಕವಲ್ಲ. ನೆರೆಯ ಇಥಿಯೋಪಿಯಾದಲ್ಲಿ ನಿರ್ಮೂಲನೆಯ ಕೆಲಸ ಶುರುವಾದದ್ದೇ 1971ರಲ್ಲಿ. ದೇಶದ ಅರ್ಧಕ್ಕಿಂತ ಹೆಚ್ಚು ಜನ ರಸ್ತೆಯಿಂದ ಒಂದು ದಿನದ ನಡಿಗೆಗಿಂತ ದೂರದಲ್ಲಿದ್ದರು. ಎತ್ತರದ ಗುಡ್ಡಗಳ ಕ್ರೈಸ್ತ ರೈತರು, ತಗ್ಗಿನ ಮರುಭೂಮಿಯ ಮುಸ್ಲಿಂ ದನಗಾಹಿಗಳು, ಹತ್ತಾರು ಭಾಷೆಗಳು. ನಡುವೆ ಬರಗಾಲ ಬಂತು. 1974ರಲ್ಲಿ ಚಕ್ರವರ್ತಿ ಹೈಲೆ ಸೆಲಾಸಿಯನ್ನು ಸೈನಿಕರು ಕೆಳಗಿಳಿಸಿದರು. ಬ್ರೆಜಿಲ್‌ನ ವೈದ್ಯ ಸಿರೋ ಡಿ ಕ್ವಾಡ್ರೋಸ್ ಅಲ್ಲಿ ಕೆಲಸ ಮಾಡಿದ್ದು ಇಂಥ ಕಾಲದಲ್ಲಿ. ಬಂಡುಕೋರರು ಒಮ್ಮೆ ಹೆಲಿಕಾಪ್ಟರನ್ನೂ ಪೈಲಟನ್ನೂ ಹಿಡಿದಿಟ್ಟುಕೊಂಡಾಗ, ಸೆರೆಯಲ್ಲಿದ್ದ ಆ ಪೈಲಟ್ ಹೆಲಿಕಾಪ್ಟರಿನಲ್ಲಿದ್ದ ಲಸಿಕೆಯನ್ನು ಬಂಡುಕೋರರಿಗೇ ಹಾಕಿದ.

1977ರ ಜುಲೈನಲ್ಲಿ ಸೊಮಾಲಿಯಾ ಇಥಿಯೋಪಿಯಾದ ಒಗಾಡೆನ್ ಬಯಲಿಗೆ ಸೈನ್ಯ ನುಗ್ಗಿಸಿತು. ಒಂಟೆ, ಆಡು ಹೊಡೆದುಕೊಂಡು ಮೇವು ನೀರು ಅರಸಿ ಹೋಗುವ ಸೊಮಾಲಿಗಳಿಗೆ ನಕಾಶೆಯ ಗಡಿ ಯಾವತ್ತೂ ಗಡಿಯಾಗಿರಲಿಲ್ಲ. ರೋಗಕ್ಕೂ ಅಷ್ಟೆ. ಲಸಿಕೆ ತಂಡಗಳು ಅವರ ಜಾಡು ಹಿಡಿದು ಮರಳಿನಲ್ಲಿ ನಡೆದವು. ಕವಲು ಸೂಜಿಯನ್ನು ಮದ್ದಿನಲ್ಲಿ ಅದ್ದಿ ತೋಳಿನ ಮೇಲೆ ಹದಿನೈದು ಸಲ ಸರಸರ ಚುಚ್ಚಿದರೆ ಕೆಲಸ ಮುಗಿಯಿತು. ಡಾಕ್ಟರೇ ಬೇಕಿಲ್ಲ, ಊರಿನ ಹುಡುಗನೂ ಅರ್ಧ ದಿನದಲ್ಲಿ ಕಲಿಯಬಹುದು. ನಮ್ಮಲ್ಲಿ ಹಳೆಯ ತಲೆಮಾರಿನವರ ತೋಳಿನ ಮೇಲೆ ಈಗಲೂ ಕಾಣುವ ಗುಂಡು ಕಲೆ ಇದೇ ಲಸಿಕೆಯದು.

ಆ ಗೆಲುವು ದೊಡ್ಡದು, ಆದರೆ ಅದು ಒಂದೇ ರೋಗದ ಮೇಲಿನ ಗೆಲುವು. ಶಿಬಿರಗಳು ಎದ್ದುಹೋದವು, ಜೀಪುಗಳು ಹಿಂದಿರುಗಿದವು. ಹೆರಿಗೆಯಲ್ಲಿ ಸಾಯುವ ತಾಯಂದಿರ, ಭೇದಿಯಲ್ಲಿ ಸಾಯುವ ಕೂಸುಗಳ ಬಳಿ ಯಾರೂ ಉಳಿಯಲಿಲ್ಲ. 1991ರಲ್ಲಿ ಸೊಮಾಲಿಯಾದ ಸರ್ಕಾರವೇ ಕುಸಿದುಬಿತ್ತು.

ಈ ಕೊರತೆಯನ್ನು ನೇರವಾಗಿ ಕೈಗೆತ್ತಿಕೊಂಡದ್ದು ಇಥಿಯೋಪಿಯಾ. 2003ರಲ್ಲಿ ಆರಂಭವಾದ ಯೋಜನೆಯಂತೆ ಸುಮಾರು ಐದು ಸಾವಿರ ಜನಕ್ಕೊಂದು ಆರೋಗ್ಯ ಠಾಣೆ, ಅದರಲ್ಲಿ ಇಬ್ಬರು ಹೆಣ್ಣುಮಕ್ಕಳು. ಹತ್ತನೆಯ ತರಗತಿ ಓದಿದ, ಆದಷ್ಟೂ ಅದೇ ಊರಿನ ಹುಡುಗಿಯರಿಗೆ ಒಂದು ವರ್ಷದ ತರಬೇತಿ. ನಮ್ಮ ಆಶಾ ಕಾರ್ಯಕರ್ತೆಯರು ಗೌರವಧನ, ಪ್ರೋತ್ಸಾಹಧನದಲ್ಲಿ ದುಡಿಯುತ್ತಿದ್ದರೆ ಇವರಿಗೆ ಸರ್ಕಾರಿ ಸಂಬಳ. ಕೆಲವೇ ವರ್ಷಗಳಲ್ಲಿ 30,000ಕ್ಕೂ ಹೆಚ್ಚು ಮಂದಿ ನೇಮಕಗೊಂಡರು. ಚುಚ್ಚುಮದ್ದು, ಬಸುರಿ ಬಾಣಂತಿಯರ ಆರೈಕೆ, ಸೊಳ್ಳೆಪರದೆ, ಶೌಚದ ಗುಂಡಿ, ಎಲ್ಲವೂ ಇವರ ಪಾಲಿಗೆ. ಬಡದೇಶವೊಂದು ಬರೀ ನಗರದ ಆಸ್ಪತ್ರೆಗೆ ದುಡ್ಡು ಸುರಿಯದೆ ಗುಡ್ಡದ ಗುಡಿಸಲಿನ ಬಾಗಿಲಿಗೆ ಸಂಬಳದ ಕೆಲಸಗಾರ್ತಿಯನ್ನು ಕಳಿಸಿದ್ದು ನಿಜವಾದ ಸುಧಾರಣೆ.

ಕಟ್ಟಿದ್ದು ಉರುಳಲು ತಡವಾಗಲಿಲ್ಲ. 2020ರ ನವೆಂಬರ್‌ನಲ್ಲಿ ಇಥಿಯೋಪಿಯಾದ ಟಿಗ್ರೇ ಪ್ರಾಂತ್ಯದಲ್ಲಿ ಯುದ್ಧ ಹೊತ್ತಿಕೊಂಡಿತು. ಗಡಿರಹಿತ ವೈದ್ಯರ ಸಂಸ್ಥೆ ಮುಂದಿನ ಮಾರ್ಚ್ ಹೊತ್ತಿಗೆ ಅಲ್ಲಿ ಭೇಟಿಕೊಟ್ಟ 106 ಆರೋಗ್ಯ ಕೇಂದ್ರಗಳಲ್ಲಿ ಎಂದಿನಂತೆ ನಡೆಯುತ್ತಿದ್ದವು ಶೇ. 13 ಮಾತ್ರ. ಸುಮಾರು ಶೇ. 70ರಷ್ಟು ಕೇಂದ್ರಗಳು ಲೂಟಿಯಾಗಿದ್ದವು.

ಮಾಲಿನ್ ಇದನ್ನು ನೋಡಲು ಇರಲಿಲ್ಲ. ನಡುವಯಸ್ಸಿನಲ್ಲಿ ಆತ ಪೋಲಿಯೊ ಲಸಿಕೆಯ ಸ್ವಯಂಸೇವಕನಾಗಿ, ಬಂದೂಕುಗಳ ನಡುವೆ ಮನೆಮನೆ ತಿರುಗಿದ್ದ. ಹಿಂಜರಿಯುವ ತಾಯಂದಿರಿಗೆ ತನ್ನದೇ ಕಥೆ ಹೇಳುತ್ತಿದ್ದ: ನಾನು ಅಂದು ಹೆದರಿ ಲಸಿಕೆ ತಪ್ಪಿಸಿಕೊಂಡೆ, ನೀವು ಹಾಗೆ ಮಾಡಬೇಡಿ. ಸೊಮಾಲಿಯಾದಿಂದ ಪೋಲಿಯೊ ಕಾಲ್ತೆಗೆದು, 2013ರಲ್ಲಿ ಮತ್ತೆ ಕಾಣಿಸಿಕೊಂಡಿತು. ಆತ ಪುನಃ ಹೊರಟ. ಆ ಜುಲೈನಲ್ಲಿ, ಆ ಕೆಲಸದ ನಡುವೆಯೇ, ಜ್ವರ ಬಂದು ತೀರಿಕೊಂಡ. 1977ರಲ್ಲಿ ತಪ್ಪಾಗಿ ಊಹಿಸಿದ್ದ ಮಲೇರಿಯಾ ಈ ಸಲ ನಿಜವಾಗಿತ್ತು.